ಹತ್ತು ನಿಮಿಷದ ಕಾಳು

ತಮ್ಮನ ಮನೆಯಲ್ಲಿ ದಿನವೂ ಎರಡು ಪಾತ್ರೆ ಒಲೆಗೇರುತ್ತಿದ್ದವು. ಒಂದು ತಿನ್ನುವುದಕ್ಕೆ, ಇನ್ನೊಂದು ಫೋಟೋಕ್ಕೆ. ಎರಡನ್ನೂ ಬೇಯಿಸುತ್ತಿದ್ದವಳು ಅಕ್ಕ. ಇಪ್ಪತ್ತೆರಡು ವರ್ಷ ಹಾಸ್ಟೆಲೊಂದರ ಅಡುಗೆಮನೆಯನ್ನು ಆಳಿದವಳು, ಹಾಸ್ಟೆಲ್ ಮುಚ್ಚಿದ ಮೇಲೆ ತಮ್ಮನ ಮನೆ ಸೇರಿದ್ದಳು. ಮುನ್ನೂರು ಹುಡುಗಿಯರಲ್ಲಿ ಒಬ್ಬಳಿಗೂ ತನ್ನ ಊಟದಿಂದ ಹೊಟ್ಟೆ ಕೆಟ್ಟಿಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದಳು. ಹೇಳಬಾರದೇ ಮತ್ತೆ? ಅದೇನು ಸಣ್ಣ ಮಾತೇ?

ಫೋಟೋ ತೆಗೆಯುತ್ತಿದ್ದವಳು ತಮ್ಮನ ಹೆಂಡತಿ. ಅವಳ ಕೈಚಳಕವನ್ನು ಸುಳ್ಳು ಅನ್ನುವ ಹಾಗಿಲ್ಲ. ಬೆಳಗ್ಗೆ ಒಂಬತ್ತಕ್ಕೆ ಕಿಟಕಿಗೆ ತೆಳ್ಳನೆಯ ಬಿಳಿ ಬಟ್ಟೆ ಕಟ್ಟಿ ಬಿಸಿಲನ್ನು ಸೋಸುವಳು. ಮೇಜಿನ ಆಚೆ ಬದಿಗೆ ಥರ್ಮಾಕೋಲ್ ಹಲಗೆ ನಿಲ್ಲಿಸಿ ನೆರಳನ್ನು ತಿಳಿ ಮಾಡುವಳು. ಹುಬ್ಬು ಕೀಳುವ ಚಿಮುಟದಿಂದ ಒಂದೊಂದೇ ಎಲೆ ಜೋಡಿಸಿ, ಮೇಲೆ ಬ್ರಷ್‌ನಿಂದ ಎಣ್ಣೆ ಸವರುವಳು. ಫೋಟೋದ ಅಡುಗೆ ಮಾತ್ರ ಪೂರ್ತಿ ಬೇಯಬಾರದು. ಬೆಂದರೆ ಸೊಪ್ಪು ಕಪ್ಪಾಗುತ್ತದೆ, ಕಾಳಿನ ಸಿಪ್ಪೆ ಬಿರಿಯುತ್ತದೆ. ಮೇಲೆ ಥಳುಕು, ಒಳಗೆ ಹಸಿ.

ಆ ಫೋಟೋಗಳನ್ನು ಅವಳು ಫೋನಿನಲ್ಲಿ ತನ್ನದೇ ಅಡುಗೆ ಪುಟಕ್ಕೆ ಹಾಕುತ್ತಿದ್ದಳು. ಆ ಪುಟದಲ್ಲಿ ಅಕ್ಕನ ಹೆಸರಿರಲಿಲ್ಲ. ಕೈ ಕೂಡ ಇರಲಿಲ್ಲ. "ನಿಮ್ಮ ಕೈ ತುಂಬಾ ಸುಟ್ಟ ಕಲೆ ಅತ್ತಿಗೆ, ನೋಡೋರಿಗೆ ಒಂಥರಾ ಆಗತ್ತೆ" ಎಂದು ಸೌಟನ್ನು ತಾನೇ ಹಿಡಿಯುತ್ತಿದ್ದಳು. ಬೆಂದವಳು ಒಬ್ಬಳು, ಹೊಗಳಿಸಿಕೊಂಡವಳು ಇನ್ನೊಬ್ಬಳು! ಅಕ್ಕನಿಗೆ ಹೊಟ್ಟೆ ಉರಿಯಿತು. ತನ್ನ ಹೆಸರೇಕಿಲ್ಲ ಎಂದು ಒಂದು ದಿನ ಬಾಯಿಬಿಟ್ಟು ಕೇಳಿಯೇಬಿಟ್ಟಳು.

"ಪುಟಕ್ಕೆ ಸೇರಿದವರು ಐವತ್ತು ಸಾವಿರ ಜನ ಆಗ್ಲಿ ಅತ್ತಿಗೆ. ಅವತ್ತು ನಿಮ್ಮ ಫೋಟೋ, ನಿಮ್ಮ ಹೆಸರು, ಎಲ್ಲಾ ಹಾಕ್ತೀನಿ. ನನ್ನಾಣೆ."

ಅಂದಿನಿಂದ ಅಕ್ಕ ಎದ್ದ ಕೂಡಲೇ ಕೇಳುತ್ತಿದ್ದುದು ಒಂದೇ ಮಾತು: "ಎಷ್ಟಾಯ್ತೇ?"

ನಲವತ್ತೊಂಬತ್ತು ಸಾವಿರ ದಾಟಿದ ವಾರ ದಪ್ಪ ಕೆಂಪು ರಾಜ್ಮಾ ಕಾಳಿನ ಸರದಿ ಬಂತು. ರಾತ್ರಿಯೆಲ್ಲ ನೆನೆದಿದ್ದ ಫೋಟೋದ ಕಾಳನ್ನು ಅಕ್ಕ ಸಣ್ಣ ಉರಿಯಲ್ಲಿ ಹತ್ತು ನಿಮಿಷವಿಟ್ಟು ಇಳಿಸಿದಳು. ಒಂದೊಂದು ಕಾಳೂ ಹವಳದ ಹಾಗೆ ಹೊಳೆಯಿತು. ತಮ್ಮನ ಹೆಂಡತಿ ಚಿತ್ರದ ಕೆಳಗೆ ಬರೆದಿದ್ದನ್ನು ಓದಿ ಅಕ್ಕ ಬೆಚ್ಚಿಬಿದ್ದಳು. "ಸಣ್ಣ ಉರಿ, ಹತ್ತೇ ನಿಮಿಷ!" ಎಂದಿತ್ತು.

"ಅಯ್ಯೋ, ಇದೇನೇ? ದೊಡ್ಡ ಉರೀಲಿ ಒಂದು ಗಂಟೆ ಬೇಕು. ಈ ಕಾಳು ಹಸಿಬಿಸಿ ತಿಂದ್ರೆ ವಾಂತಿ ಹತ್ಕೊಳ್ಳತ್ತೆ."

"ಗಂಟೆ ಅಂದ್ರೆ ಯಾರೂ ತಿರುಗಿ ನೋಡಲ್ಲ ಅತ್ತಿಗೆ. ಹತ್ತು ನಿಮಿಷ ಅಂದ್ರೆ ಈ ವಾರಾನೇ ಐವತ್ತು ಸಾವಿರ. ನಿಮಗೇ ತಾನೆ ಅವಸರ? ಬೆಂದಿಲ್ಲ ಅಂದ್ರೆ ಇನ್ನೊಂದಿಷ್ಟು ಬೇಯಿಸ್ಕೋತಾರೆ ಬಿಡಿ."

ಹಾಸ್ಟೆಲಿನಲ್ಲಾಗಿದ್ದರೆ ಇಂಥ ಮಾತಾಡಿದವಳನ್ನು ಅಕ್ಕ ಸೌಟು ಹಿಡಿದು ಅಟ್ಟುತ್ತಿದ್ದಳು. ಈಗ ತುಟಿ ಪಿಟಿಕ್ಕೆನ್ನಲಿಲ್ಲ. ಇನ್ನು ಒಂಬೈನೂರು ಜನ ಸಾಕಿತ್ತು.

ಭಾನುವಾರ ಬೆಳಗ್ಗೆ ತಮ್ಮನ ಹೆಂಡತಿಯೇ ಕರೆದಳು. "ಅತ್ತಿಗೆ, ಕಿಟಕಿ ಹತ್ರ ಬನ್ನಿ. ನಿಮ್ಮ ಫೋಟೋ ತೆಗೀತೀನಿ."

"ಆಯ್ತಾ ಐವತ್ತು?"

"ಐವತ್ತೆರಡು."

ಅಕ್ಕ ಮುಖ ತೊಳೆದು, ಎತ್ತಿಟ್ಟಿದ್ದ ಬಟ್ಟೆ ಉಟ್ಟು, ಎರಡು ಸಲ ತಲೆ ಬಾಚಿ ಬಂದಳು. ಹಿಗ್ಗೆಂದರೆ ಹಿಗ್ಗು.

"ಕೈ ಮಡಿಲಲ್ಲಿ ಇಡಿ. ಕಲೆ ಕಾಣ್ಲಿ, ಪರವಾಗಿಲ್ಲ. ಆದ್ರೆ ನಗಬೇಡಿ."

"ಯಾಕೇ ನಗಬಾರ್ದು?"

"ಹಾಗೇ ಚೆನ್ನಾಗಿರತ್ತೆ."

ಮಧ್ಯಾಹ್ನ ಅಕ್ಕ ತಮ್ಮನ ಫೋನ್ ಕೇಳಿದಳು. "ಆಮೇಲೆ ನೋಡಿದ್ರಾಯ್ತು ಬಿಡಕ್ಕ" ಎಂದು ಅವನು ತಡವರಿಸಿದ. ಅವಳು ಕೈಯಿಂದ ಕಿತ್ತುಕೊಂಡಳು.

ಫೋಟೋ ಇತ್ತು, ಸೋಸಿದ ಬಿಸಿಲಲ್ಲಿ ಅವಳದೇ ಮುಖ. ಹೆಸರೂ ಇತ್ತು, ಅಪ್ಪನ ಹೆಸರಿನ ಸಮೇತ. ಕೆಳಗೆ ಬರೆದಿತ್ತು: "ಕಾಳಿನ ಅಡುಗೆ ಹೇಳಿಕೊಟ್ಟವರು ನಮ್ಮ ಅತ್ತಿಗೆ. ವಯಸ್ಸಾಗಿದೆ, ಮರೆವು. ಸಮಯ ತಪ್ಪು ಹೇಳಿದ್ದಾರೆ. ದಯವಿಟ್ಟು ಕ್ಷಮಿಸಿ."

ಅದರ ಕೆಳಗೆ ಜನರ ಬೈಗುಳ. ನಡುವೆ ಒಬ್ಬ ತಾಯಿ ಬರೆದಿದ್ದಳು: "ನನ್ನ ಮಗಳಿಗೆ ಐದು ವರ್ಷ. ಎರಡು ದಿನದಿಂದ ಆಸ್ಪತ್ರೆಯಲ್ಲಿದ್ದಾಳೆ. ಡ್ರಿಪ್ ಹಾಕಿದ್ದಾರೆ."

"ಏನೇ ಇದು?" ಅಕ್ಕ ಫೋನನ್ನು ತಮ್ಮನ ಹೆಂಡತಿಯ ಮುಖಕ್ಕೆ ಹಿಡಿದಳು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆನಾ?"

ಅವಳು ಗಳಗಳ ಅತ್ತಳು. "ನನ್ನ ಪುಟ ಹಾಳಾಗೋಗತ್ತೆ ಅತ್ತಿಗೆ. ನಿಮ್ಮನ್ನ ಯಾರು ಹುಡುಕ್ಕೊಂಡು ಬರ್ತಾರೆ? ಹೆಸರು ಬೇಕು ಅಂದ್ರಲ್ಲ, ಹಾಕಿದೀನಿ."

ತಮ್ಮನೋ, ಉಗುರು ನೋಡುತ್ತಾ ಕೂತಿದ್ದ. ಅವನು ಅಷ್ಟೇ, ಹುಟ್ಟಿದಾಗಿನಿಂದ.

ಅಕ್ಕ ಒಂದೇ ಬೆರಳಲ್ಲಿ ಬರೆಯತೊಡಗಿದಳು: "ಒಂದು ಗಂಟೆ ಬೇಕೆಂದು ನಾನು ಹೇಳಿದ್ದೆ." ಸತ್ಯವೇ. ಒತ್ತಿದರೆ ಮುಗಿಯಿತು, ಮಸಿಯೆಲ್ಲ ಬಳಿದವಳ ಮುಖಕ್ಕೇ ವಾಪಸ್ಸು. ಒತ್ತುವ ಮೊದಲು ಆ ತಾಯಿಯ ಮಾತನ್ನು ಇನ್ನೊಮ್ಮೆ ಓದಿದಳು. ಹೌದು, ಹೇಳಿದ್ದಳು, ಒಂದೇ ಒಂದು ಸಲ. ಆಮೇಲೆ ಒಂಬೈನೂರು ಜನರ ಆಸೆಗೆ ಸುಮ್ಮನಾಗಿದ್ದಳು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವಾಗ ತಾನೂ ದಂಡೆಯಲ್ಲೇ ನಿಂತಿದ್ದಳಲ್ಲ! ತನ್ನ ಮೇಲೇ ಅಸಹ್ಯ ಹುಟ್ಟಿತು. ಬರೆದದ್ದನ್ನು ಅಳಿಸಿದಳು.

"ಅಮ್ಮಾ, ನನಗೆ ಮರೆವಿಲ್ಲ. ಒಂದು ಗಂಟೆ ಬೇಯಬೇಕೆಂದು ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡೆ. ಮಗು ಈಗ ಹೇಗಿದೆ?"

ಕೆಳಗೆ ತನ್ನ ಹೆಸರು ಬರೆದು ಕಳಿಸಿದಳು.

ಸಂಜೆಯವರೆಗೂ ಫೋನ್ ಕೆಳಗಿಡಲಿಲ್ಲ. ಅವಳ ಚಿತ್ರಕ್ಕೆ ಮೆಚ್ಚುಗೆ ಬರುತ್ತಲೇ ಇತ್ತು. ಪಾಪ, ಎಂಥ ಮುಖ ಎಂದರು. ಎಂಥ ಬೆಳಕು, ಯಾವ ಕ್ಯಾಮೆರಾ ಎಂದು ಕೇಳಿದರು. ಆ ತಾಯಿಯಿಂದ ಉತ್ತರ ಬರಲಿಲ್ಲ.