ಜೀರಿಗೆಯ ಬದಲು ಓಮ

ಅಕ್ಕ ಬೇಕರಿಯಲ್ಲಿ ಒಲೆ ನೋಡಿಕೊಳ್ಳುತ್ತಿದ್ದಳು. ಬ್ರೆಡ್ಡು ಹದವಾಗಿ ಬೆಂದದ್ದನ್ನು ಮೂಗಿನಿಂದಲೇ ಹೇಳುತ್ತಿದ್ದವಳಿಗೆ, ಜ್ವರ ಬಂದು ಹೋದ ಮೇಲೆ ಯಾವ ವಾಸನೆಯೂ ತಿಳಿಯದಾಯಿತು. ಬ್ರೆಡ್ಡು ಮತ್ತೆ ಮತ್ತೆ ಕರಕಲಾದಾಗ ಮಾಲೀಕರು, "ಸ್ವಲ್ಪ ದಿನ ಮನೇಲಿರಮ್ಮ" ಎಂದರು. ಮನೆಯಲ್ಲಿ ಏನು ಕೊಟ್ಟರೂ ಅವಳು ರಟ್ಟು ಅಗಿದಂತೆ ಅಗಿದು, ತಟ್ಟೆ ದೂಡಿ ಏಳುತ್ತಿದ್ದಳು.

ಗಡಿಯಾರ ರಿಪೇರಿ ಮಾಡುವ ತಮ್ಮ ಅಂದು ಅಂಗಡಿಯನ್ನು ಬೇಗ ಮುಚ್ಚಿ ಬಂದು, ಮೊಬೈಲು ನೋಡಿಕೊಂಡು ಬೇಳೆ ಸೂಪು ಮಾಡಲು ನಿಂತ. ಒಗ್ಗರಣೆಗೆ ಎರಡು ಚಮಚ ಜೀರಿಗೆ ಎಂದಿತ್ತು. ಜೀರಿಗೆ ಡಬ್ಬಿ ಖಾಲಿಯಾಗಿತ್ತು. ಪಕ್ಕದ ಡಬ್ಬಿಯಲ್ಲಿದ್ದ ಓಮ ನೋಡಲು ಹೆಚ್ಚುಕಡಿಮೆ ಹಾಗೇ ಇತ್ತು. ಅಕ್ಕನಿಗೆ ಹೇಗೂ ಗೊತ್ತಾಗುವುದಿಲ್ಲ ಎಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೆ ಅವನಿಗೇ ಬೇಸರವಾಯಿತು. ಆದರೂ ಓಮವನ್ನೇ ಎರಡು ಚಮಚ ಸುರಿದ. ನಿಂಬೆಹಣ್ಣೂ ಇರಲಿಲ್ಲ, ಒಂದು ಟೊಮೆಟೊ ಹಿಚುಕಿ ಹಾಕಿದ.

ಅಕ್ಕ ಒಂದು ಗುಟುಕು ಕುಡಿದು ಮುಖ ಕಿವುಚಿದಳು.

"ಏನೋ ಇದು? ಓಮ ಹಾಕಿದೀಯಾ?"

"ಜೀರಿಗೆ ಇರ್ಲಿಲ್ಲ ಕಣಕ್ಕ. ಓಮ ಹೊಟ್ಟೆಗೆ ಒಳ್ಳೇದಲ್ವಾ ಅಂತ..." ಎನ್ನುತ್ತಿದ್ದವನು ಅರ್ಧಕ್ಕೇ ನಿಂತ. "ಅಕ್ಕಾ, ನಿಂಗೆ ಹೇಗೆ ಗೊತ್ತಾಯ್ತು?"

ಅವಳು ಬಟ್ಟಲನ್ನು ಮುಖದ ಹತ್ತಿರ ಹಿಡಿದು ನಿಧಾನವಾಗಿ ಉಸಿರೆಳೆದಳು. ಕಣ್ಣು ತುಂಬಿ ಬಂತು.

"ವಾಸನೆ ಬರ್ತಿದೆ ಕಣೋ."

ತಮ್ಮ ಅಲ್ಲೇ ನೆಲದ ಮೇಲೆ ಕೂತು ನಗತೊಡಗಿದ. ಅಕ್ಕ ಅವನ ಅಡುಗೆಯನ್ನು ಬಯ್ಯುತ್ತಲೇ ಬಟ್ಟಲು ಖಾಲಿ ಮಾಡಿ, ಇನ್ನಷ್ಟು ಹಾಕಿಸಿಕೊಂಡಳು.