ತಿಪ್ಪೆಗೆ ಬಂದ ಲದ್ದಿ

ಪರಿಮಳ ಮೊದಲು ಎತ್ತಿದ ಲದ್ದಿ ಇನ್ನೂ ಬೆಚ್ಚಗಿತ್ತು. ಲದ್ದಿ ಬೆಚ್ಚಗಿದ್ದರೆ ಆನೆ ದೂರ ಹೋಗಿಲ್ಲವೆಂಬುದು ಈ ಬೆಟ್ಟದಲ್ಲಿ ಆಡುವ ಮಕ್ಕಳಿಗೂ ಗೊತ್ತು. ಬೆಳಗಿನ ಆರು ಗಂಟೆಯ ಮಂಜಿನಲ್ಲಿ ಹೊಲದಂಚಿನ ಒಂದೊಂದು ಪೊದೆಯೂ ಕಿವಿಯಾಡಿಸಿದಂತೆ ಕಾಣುತ್ತಿತ್ತು. ಬುಟ್ಟಿ ಎಸೆದು ಓಡಿಬಿಡೋಣ ಎನಿಸಿತು. ಆದರೆ ಆಮೇಲೆ ನಟರಾಜನಿಗೆ ಏನು ಹೇಳುವುದು? ಆನೆ ಬಂದರೆ ಮರವನ್ನಾದರೂ ಹತ್ತಬಹುದು. ನಟರಾಜನಿಂದ ತಪ್ಪಿಸಿಕೊಳ್ಳಲು ಹತ್ತುವಂಥ ಮರ ಆ ಊರಲ್ಲಿ ಇನ್ನೂ ಬೆಳೆದಿಲ್ಲ.

ಹೊಲ ನಟರಾಜನದು. ಜೀರಹಳ್ಳಿ ಕಾಡಿಗೆ ಅಂಟಿಕೊಂಡ ನಾಲ್ಕು ಎಕರೆ. ಅಲ್ಲಿ ಪ್ರವಾಸಿಗರಿಗೆಂದು ಎಂಟು ಕಾಟೇಜು ಕಟ್ಟಲು ಅವನು ಅರ್ಜಿ ಹಾಕಿದ್ದ. ಊರಿನ ಮಾತು ಕನ್ನಡವಾದರೂ ಬೆಟ್ಟ ಸೇರಿರುವುದು ತಮಿಳುನಾಡಿಗೆ; ಅಲ್ಲಿನ ಕಚೇರಿಯ ಮಾತಿನಲ್ಲಿ ಅರ್ಜಿಗೆ ಮನು ಎನ್ನುತ್ತಾರೆ. ಊರವರೂ ಹಾಗೇ ಅನ್ನುತ್ತಾರೆ. ಆನೆ ಓಡಾಡುವ ಜಾಗದಲ್ಲಿ ಕಟ್ಟಡಕ್ಕೆ ಅನುಮತಿ ಸಿಗುವುದಿಲ್ಲ. ಆ ದಿನ ಹತ್ತು ಗಂಟೆಗೆ ಘಾಟಿಯ ಕೆಳಗಿನಿಂದ ಅಧಿಕಾರಿ ಬಂದು ಸ್ಥಳ ನೋಡುವುದಿತ್ತು. ಆನೆಗಳು ಮಾತ್ರ ಅವರಿಗಿಂತ ಮೊದಲೇ ಬಂದು ಸ್ಥಳ ನೋಡಿಕೊಂಡು ಹೋಗಿದ್ದವು.

ಒಂದು ಲದ್ದಿಯಾಗಲಿ ಒಂದು ಹೆಜ್ಜೆಯಾಗಲಿ ಕಣ್ಣಿಗೆ ಬೀಳಬಾರದೆಂದು ನಟರಾಜ ಹಿಂದಿನ ದಿನ ಪರಿಮಳನ ಬಾಗಿಲಿಗೇ ಬಂದು ಹೇಳಿದ್ದ. ಗದರಿರಲಿಲ್ಲ, ಅವನು ಗದರುವವನೇ ಅಲ್ಲ. ಬಿದ್ದ ಗೋಡೆಯ ಜಾಗದಲ್ಲಿ ಅವಳು ಕಟ್ಟಿದ್ದ ಟಾರ್ಪಾಲನ್ನು ಬೆರಳಲ್ಲಿ ಮುಟ್ಟಿ ನೋಡಿ ಮೆಲ್ಲಗೆ ಅಂದಿದ್ದ:

"ನಿನ್ ಮನೂನೂ ನಮ್ ಟೇಬಲ್ ಮ್ಯಾಲೇ ಅದ ಕಣವ್ವ. ಎಲ್ಲಾರ್ದೂ ಒಟ್ಗೇ ಆಗ್ಬುಡ್ಲಿ."

ಅವನ ಹೆಂಡತಿ ದಿವ್ಯ ಪಂಚಾಯಿತಿ ಅಧ್ಯಕ್ಷೆ. ಸಹಿ ಅವಳದು, ಕೈ ಇವನದು. ಸರಕಾರದ ಮನೆಗೆಂದು ಪರಿಮಳ ಹಾಕಿದ ಮನು ಒಂದೂವರೆ ವರ್ಷದಿಂದ ಅಲ್ಲೇ ಮಲಗಿತ್ತು. ಅವಳ ಅತ್ತೆ ದೊಡ್ಡಮಾದಮ್ಮ ಎರಡು ಮಳೆಗಾಲ ಆ ಟಾರ್ಪಾಲಿನ ಪಕ್ಕದಲ್ಲೇ ಮಲಗಿ ಕೆಮ್ಮು ಹಿಡಿಸಿಕೊಂಡಿದ್ದಳು. ಮೂರನೆಯದನ್ನು ಮುದುಕಿ ದಾಟುವಳೆಂದು ಪರಿಮಳನಿಗೆ ನಂಬಿಕೆಯಿರಲಿಲ್ಲ.

ಹಾಗಾಗಿ ಅವಳು ಓಡಲಿಲ್ಲ. ಹೆಜ್ಜೆ ಗುಳಿಗಳಿಗೆ ಮಣ್ಣೆಳೆದು ಮೇಲೆ ತರಗು ಹರಡಿದಳು. ಪೊದೆ ಅಲುಗಿದಾಗಲೆಲ್ಲ ಮಾದಪ್ಪನನ್ನು ಕರೆದಳು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಕೈ ಲದ್ದಿಯಾದರೆ ಏನೆಂದು ಗಾದೆ ಮಾಡಿದವರು ಹೇಳಿಟ್ಟಿಲ್ಲ. ಮೂರು ಬುಟ್ಟಿ ತುಂಬಿತು. ಎಲ್ಲಿ ಹಾಕಬೇಕೆಂದು ನಟರಾಜ ಹೇಳಿರಲಿಲ್ಲ, ಅವಳು ಕೇಳಿರಲೂ ಇಲ್ಲ. ಹುಟ್ಟಿದಾಗಿನಿಂದ ಸಗಣಿ ಕಂಡರೆ ತಿಪ್ಪೆಗೆ ಒಯ್ದು ರೂಢಿಯಾದ ಕಾಲು ತಾನಾಗಿ ಅವಳ ಮನೆಯಿದ್ದ ಕಾಲೋನಿಯ ಕಡೆ ನಡೆಯಿತು. ಮೂರು ಬುಟ್ಟಿಯನ್ನೂ ಮನೆಯ ಹಿಂದಿನ ತಿಪ್ಪೆಗೆ ಸುರಿದಳು. ಒಳ್ಳೆ ಗೊಬ್ಬರವಾಯಿತೆಂದು ಅಷ್ಟು ಭಯದಲ್ಲೂ ಒಂದಿಷ್ಟು ಖುಷಿಪಟ್ಟಳು, ಪಾಪ.

ಅಧಿಕಾರಿ ರಂಗಸ್ವಾಮಿ ಹತ್ತಕ್ಕೆ ಸರಿಯಾಗಿ ಬಂದರು. ಕೆಳಗಿನ ಊರವರು, ಕನ್ನಡ ಬಾರದು. ಅಚ್ಚುಕಟ್ಟಿನ ಮನುಷ್ಯ, ಹೊಲವನ್ನು ಮೂಲೆಮೂಲೆ ನಡೆದು ನೋಡಿದರು. ಕೊನೆಗೆ, ಇಲ್ಲಿ ಆನೆ ಬರುತ್ತದೆಯೇ ಎಂದು ಪರಿಮಳನನ್ನೇ ತಮಿಳಿನಲ್ಲಿ ಕೇಳಿದರು. ಖಾಲಿ ಬುಟ್ಟಿ ಹಿಡಿದು ಹೊಲಕ್ಕೆ ಮರಳಿ ತರಗೆಲೆಯ ಮೇಲೆ ನಿಂತಿದ್ದ ಅವಳು ತಲೆ ತಗ್ಗಿಸಿ ಇಲ್ಲವೆಂದಳು. ಅವರು ಬರೆದುಕೊಂಡರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ದಿಂಬಂ ಘಾಟಿಯ ತಿರುವುಗಳಲ್ಲಿ ಅವರಿಗೆ ಹೊಟ್ಟೆ ತೊಳಸಿತ್ತಂತೆ. ಇನ್ನೊಮ್ಮೆ ಹತ್ತುವುದು ತಮ್ಮಿಂದಾಗದು, ಈ ಪಂಚಾಯಿತಿಯ ಬಾಕಿ ಮನುಗಳನ್ನೆಲ್ಲ ಇವತ್ತೇ ನೋಡಿಬಿಡುತ್ತೇನೆ ಎಂದರು. ಕಡತಗಳನ್ನು ಹಿಡಿದು ಜೊತೆಗೆ ಬಂದಿದ್ದ ದಿವ್ಯ ತೆಗೆದುಕೊಟ್ಟ ಮುಂದಿನ ಕಡತವೇ ಪರಿಮಳನದು. ಒಂದೂವರೆ ವರ್ಷದಿಂದ ಕಾದಿದ್ದ ಮಾತು ಕಿವಿಗೆ ಬಿದ್ದು ಅವಳು ಹಿಗ್ಗಿದಳು, ಒಂದೇ ಕ್ಷಣ. ಮರುಕ್ಷಣ ತಿಪ್ಪೆ ನೆನಪಾಯಿತು. ಬುಟ್ಟಿ ಹಿಡಿದೇ ಓಡಿದಳು. ಆದರೆ ಜೀಪಿಗಿಂತ ಮೊದಲು ಹೋಗುವ ಕಾಲು ಯಾರಿಗಿದೆ?

ಅವಳು ಏದುಸಿರು ಬಿಡುತ್ತ ತಲುಪುವಾಗ ಅಧಿಕಾರಿ ತಿಪ್ಪೆಯ ಮುಂದೆ ಕೂತು ಕಡ್ಡಿಯಿಂದ ಲದ್ದಿ ಒಡೆದು ನೋಡುತ್ತಿದ್ದರು. ಬಿದಿರಿನ ನಾರು, ಹಲಸಿನ ಬೀಜ. ಇವತ್ತಿನದು ಎಂದರು. ಮನೆಯ ಬೆನ್ನಿಗೇ ಆನೆ ಬರುವ ಜಾಗದಲ್ಲಿ ಕಟ್ಟಲು ಹೇಗೆ ಅನುಮತಿ ಕೊಡುವುದೆಂದು ಬೇಸರದಿಂದಲೇ ಕೇಳಿದರು. ತನ್ನ ತಲೆಗೂದಲು ಕಪ್ಪಗಿದ್ದಾಗಿನಿಂದ ಈ ಓಣಿಗೆ ಆನೆ ಬಂದದ್ದಿಲ್ಲ ಎಂದು, ಏನೂ ತಿಳಿಯದ ದೊಡ್ಡಮಾದಮ್ಮ ಕೆಮ್ಮುತ್ತಲೇ ಹರಕು ತಮಿಳಿನಲ್ಲಿ ವಾದಿಸಿದಳು. ಹಾಗಾದರೆ ಇದು ಎಲ್ಲಿಂದ ಬಂತು ಎಂದರು ಅಧಿಕಾರಿ.

ಪರಿಮಳ ನಟರಾಜನನ್ನು ನೋಡಿದಳು. ಅವನು ಅವಳನ್ನೇ ನೋಡುತ್ತಿದ್ದ. ಅವಳಿಗೆ ಬೆಳಗಿನ ಪೊದೆಗಳೇ ವಾಸಿ ಎನಿಸಿತು. ಬರುವ ಅಷ್ಟಿಷ್ಟು ತಮಿಳೂ ಮರೆತುಹೋಯಿತು.

"ನಾನೇ ಒತ್ಕಂಡು ಬಂದಿ ಸಾ. ಅವ್ರ್ ಒಲದಿಂದ" ಎಂದಳು.

ಅಧಿಕಾರಿಗೆ ತಿಳಿಯಲಿಲ್ಲ. ಏನಂತೆ ಎನ್ನುವಂತೆ ನಟರಾಜನ ಮುಖ ನೋಡಿದರು. ನಟರಾಜ ನಕ್ಕು, ಒಂದು ಕ್ಷಣವೂ ತಡೆಯದೆ ಸೊಗಸಾದ ತಮಿಳಿನಲ್ಲಿ ವಿವರಿಸಿದ: ಪಾಪ, ಗೊಬ್ಬರಕ್ಕೆಂದು ಕಾಡಿನಿಂದ ಹೊತ್ತು ತಂದಳಂತೆ, ಬಡವರು, ಇಲ್ಲಿಗೆ ಆನೆ ಬರುವುದಿಲ್ಲ. ಅಧಿಕಾರಿಯೂ ನಕ್ಕರು. ಹಾಗಿದ್ದರೆ ತೊಂದರೆಯಿಲ್ಲ ಎಂದು ಪೆನ್ನು ತೆಗೆದರು.

ಸುಮ್ಮನಿದ್ದರೆ ಮನೆ ಆಗುತ್ತಿತ್ತು. ಅವನದೂ ಆಗುತ್ತಿತ್ತು, ಇವಳದೂ ಆಗುತ್ತಿತ್ತು. ಆಮೇಲೆ ಅವನ ಹೊಲದ ಸುತ್ತ ಕರೆಂಟಿನ ಬೇಲಿ ಏಳುತ್ತದೆ. ಎದುರಿಗೆ ಬೇಲಿ ಕಂಡ ಆನೆ ಬಲಕ್ಕೆ ತಿರುಗುತ್ತದೆ. ಬಲಕ್ಕಿರುವುದು ಈ ಓಣಿಯೊಂದೇ. ಹೊಸ ಮನೆಯ ಹೊಸ ಗೋಡೆ, ಅದರ ಪಕ್ಕ ಮಲಗಿದ ಮುದುಕಿ, ಆಚೆ ಬೆಚ್ಚಗಿನ ಲದ್ದಿ. ಎಲ್ಲ ಕಣ್ಣಿಗೆ ಕಟ್ಟಿತು. ಪೆನ್ನು ಕಾಗದಕ್ಕೆ ತಾಗಿತು.

ಎರಡನೆಯ ಸಲ ಹೇಳುವುದು ಮೊದಲ ಸಲಕ್ಕಿಂತ ಕಷ್ಟ. ಮೊದಲನೆಯದು ಬಾಯಿತಪ್ಪಿ ಬಂತೆಂದು ತಪ್ಪಿಸಿಕೊಳ್ಳಬಹುದು. ಅವಳ ಭಯವೇನೂ ಹೋಗಲಿಲ್ಲ. ಆ ಭಯದಲ್ಲೇ ಅವಳು ಒಂದೊಂದೇ ತಮಿಳು ಪದ ಹುಡುಕಿ ಹೇಳಿದಳು: ಕಾಡಿನಿಂದಲ್ಲ, ಈಗ ನೀವು ನೋಡಿದ ಹೊಲದಿಂದ, ಅಲ್ಲಿ ನಾನು ಇಲ್ಲವೆಂದದ್ದು ಸುಳ್ಳು, ತರಗು ಸರಿಸಿದರೆ ಹೆಜ್ಜೆಗಳಿವೆ.

ಅಧಿಕಾರಿ ಬರೆಯುವುದನ್ನು ಅಲ್ಲಿಗೇ ನಿಲ್ಲಿಸಿ ಪೆನ್ನು ಮುಚ್ಚಿ, ಮೊದಲು ನೋಡಿದ ಹೊಲದ ಕಡತ ಕೊಡಿ ಎಂದು ದಿವ್ಯಳತ್ತ ಕೈ ಚಾಚಿದರು.

ನಟರಾಜ ಆಗಲೂ ಗದರಲಿಲ್ಲ. ಟಾರ್ಪಾಲಿನ ಕಡೆ ಒಮ್ಮೆ ನೋಡಿದ, ಆಮೇಲೆ ಮುದುಕಿಯ ಕಡೆ ನೋಡಿದ, ಹೋಗಿ ಜೀಪಿನ ಪಕ್ಕ ನಿಂತ.