ಒಪ್ಪಿಸದೆ ಉಳಿದ ಕಣ್ಣು

ಆ ಬೆಳಿಗ್ಗೆ ಮಂಜು ಇಳಿದಿತ್ತು. ಧನುರ್ಮಾಸದ ಮಂಜು. ಬೆಟ್ಟವನ್ನು ಪೂರ್ತಿ ಮುಚ್ಚಿ, ಕೆಸರೆಯ ಬೀದಿದೀಪಗಳ ಸುತ್ತ ಹಿಂಜಿದ ಹತ್ತಿಯ ಹಾಗೆ ಕೂತಿತ್ತು. ಒಂಬತ್ತಾದರೂ ಬಿಸಿಲಿನ ಸುಳಿವಿರಲಿಲ್ಲ. ಪದ್ಮಾವತಿ ಗಾಜನ್ನು ಅಂಗೈಯಿಂದ ಒರೆಸಿಕೊಳ್ಳುತ್ತಾ ನಿಧಾನಕ್ಕೆ ಬಂದು ಕಾರಿನ ರೇಡಿಯೋ ಕೂರಿಸುವ ಶಿವರಾಮುವಿನ ಅಂಗಡಿಯ ಮುಂದೆ ಕಾರು ನಿಲ್ಲಿಸಿದಳು. ಹಳೆಯ ರೇಡಿಯೋ ತೆಗೆಸಿ, ಮುಟ್ಟಿದರೆ ಮಾತಾಡುವ ದೊಡ್ಡ ಪರದೆ ಕೂರಿಸಿಕೊಳ್ಳಬೇಕಿತ್ತು.

ಅವಳ ಅವ್ವ ಪುಟ್ಟಲಿಂಗಮ್ಮ ತೀರಿಕೊಂಡು ನಾಲ್ಕು ತಿಂಗಳು. ಜಯಲಕ್ಷ್ಮಿಪುರಂನ ಮಹಡಿ ಮನೆಯಲ್ಲಿ ಇದ್ದವರೇ ಇಬ್ಬರು, ಈಗ ಒಬ್ಬಳು. ಮನೆಯ ಮೌನವನ್ನಾದರೂ ಹೇಗೋ ತಡೆದುಕೊಳ್ಳಬಹುದಿತ್ತು. ಅಲ್ಲಿ ಕುಕ್ಕರ್ ಕೂಗುತ್ತದೆ, ನಲ್ಲಿ ತೊಟ್ಟಿಕ್ಕುತ್ತದೆ. ಕಾರಿನಲ್ಲಿ ಆಗುತ್ತಿರಲಿಲ್ಲ. ಕಾರಿನ ಜೊತೆಯಲ್ಲೇ ಬಂದಿದ್ದ ರೇಡಿಯೋ ಎರಡು ವರ್ಷದ ಹಿಂದೆಯೇ ಮೂಕವಾಗಿತ್ತು. ಆಗ ಪಕ್ಕದ ಸೀಟಿನ ಅವ್ವನ ಮಾತೇ ಬೇಕಾದಷ್ಟಿತ್ತು, ಹಾಡು ಬೇಕು ಅನ್ನಿಸಿರಲಿಲ್ಲ.

ಇನ್ನೊಂದು ವಿಷಯ ಅವಳನ್ನು ಒಳಗೇ ತಿನ್ನುತ್ತಿತ್ತು. ಆ ರೇಡಿಯೋ ಕೆಡುವ ಮುಂಚೆ, ಹೆಬ್ಬಾಳದ ಕಾರ್ಖಾನೆಯಲ್ಲಿ ಬಿಡಿಭಾಗ ಪರೀಕ್ಷಿಸುವಾಗ ಲೋಹದ ಚೂರೊಂದು ಸಿಡಿದು ಅವಳ ಬಲಗಣ್ಣಿಗೆ ಹೊಕ್ಕಿತ್ತು. ಅವ್ವ ತವರೂರಿನ ದೇವತೆ ಹಿರಿಯಮ್ಮನಿಗೆ ಬೆಳ್ಳಿ ಕಣ್ಣಿನ ಹರಕೆ ಹೊತ್ತಳು. ದೃಷ್ಟಿ ಮರಳಿತು. ಎಲೆಯಷ್ಟು ತೆಳುವಾದ ಜೋಡಿ ಕಣ್ಣು ಮಾಡಿಸಿ, ಮಲಗಿದ್ದ ಮಗಳ ರೆಪ್ಪೆಗೆ ಮೂರು ಸಲ ಮುಟ್ಟಿಸಿ, ಅರಿಸಿನ ಹಚ್ಚಿದ ಕಾಗದದಲ್ಲಿ ಸುತ್ತಿಟ್ಟಳು. ಹಾಗೆ ಮುಟ್ಟಿಸಿದ ಮೇಲೆ ಅವೇ ಕಣ್ಣು ದೇವರಿಗೆ ಸೇರಬೇಕು. ಬೇರೆ ಕೊಂಡು ಕೊಟ್ಟರೆ ಹರಕೆ ತೀರುವುದಿಲ್ಲ.

"ಒಂದ್ಸಲ ಗುಡಿಗೆ ಕರ್ಕೊಂಡೋಗು ಕಣಮ್ಮ, ಹಿರಿಯಮ್ಮ ಕಾಯ್ತಾ ಅವಳೆ" ಎನ್ನುತ್ತಿದ್ದಳು ಅವ್ವ.

"ಮುಂದಿನ ಭಾನುವಾರ ಕಣವ್ವ."

ಭಾನುವಾರಗಳು ಹೆಚ್ಚುವರಿ ಪಾಳಿಗೆ, ನಿದ್ದೆಗೆ ಹೋದವು. ಆಸ್ಪತ್ರೆಯ ಮಂಚದ ಮೇಲೆ ಅವ್ವ ಕೊನೆಗೆ ಅಂದದ್ದು ಇಷ್ಟೇ: "ಕಣ್ಣು ಒಪ್ಸಿಬುಡವ್ವ." ಎಲ್ಲಿಟ್ಟಿದ್ದೇನೆಂದು ಹೇಳುವಷ್ಟು ಉಸಿರಿರಲಿಲ್ಲ. ಪದ್ಮಾವತಿ ಟ್ರಂಕು, ಅಕ್ಕಿ ಡಬ್ಬ, ದೇವರ ಪಟಗಳ ಹಿಂಭಾಗ ಎಲ್ಲ ಹುಡುಕಿದ್ದಳು. ದಿಂಬಿನ ಹೊಲಿಗೆಯನ್ನೂ ಬಿಚ್ಚಿದ್ದಳು. ಸಿಕ್ಕಿರಲಿಲ್ಲ.

ಶಿವರಾಮು ಬಿದಿರಿನ ಸೀಳೊಂದನ್ನು ಹಿಡಿದು ಸೀಟಿಗೆ ಬಂದು ಕೂತ. ಕಬ್ಬಿಣ ತಾಗಿದರೆ ಪ್ಲಾಸ್ಟಿಕ್ಕಿಗೆ ಗೀರು ಬೀಳುತ್ತದೆಂದು ಅವನು ಬಿದಿರನ್ನೇ ಹೆರೆದು ಇಟ್ಟುಕೊಂಡಿದ್ದ.

"ಹಳೇ ಸೆಟ್ಟು ನಂಗೇ ಬುಡಿ ಮೇಡಂ. ನಿಮ್ಗೆ ಅದು ಇಟ್ಟಿಗೆ, ನಂಗೆ ಬಿಡಿಭಾಗ."

"ತಗೊಳ್ಳಿ. ಎರಡು ವರ್ಷದಿಂದ ಒಂದು ಮಾತಾಡಿಲ್ಲ ಅದು."

"ನಮ್ಮನೆಯವಳಿಗೂ ಈ ವಿದ್ಯೆ ಹೇಳ್ಕೊಡಲಿ" ಎಂದ ಶಿವರಾಮು.

ಪದ್ಮಾವತಿ ನಕ್ಕಳು. ತನ್ನ ನಗು ಕೇಳಿ ತನಗೇ ಹೊಸದೆನ್ನಿಸಿತು.

ಅವನು ಸುತ್ತಲಿನ ಪಟ್ಟಿ ಎಬ್ಬಿಸಿ, ನಾಲ್ಕು ತಿರುಪು ಬಿಚ್ಚಿ, ರೇಡಿಯೋವನ್ನು ಹೊರಗೆಳೆದ. ತಂತಿ ಕಳಚಿ ಅಲ್ಲಾಡಿಸಿದರೆ ಒಳಗೆ ಏನೋ ಸರಸರ ಅಂದಿತು. ಮೇಲಿನ ಮುಚ್ಚಳ ತೆಗೆದವನು ಹಾಗೇ ಕೈ ನಿಲ್ಲಿಸಿದ. ಚಪ್ಪಲಿ ಬಿಟ್ಟು, ಕೈಯನ್ನು ಅಂಗಿಗೆ ಒರೆಸಿಕೊಂಡು, ಸಿ.ಡಿ. ತೂರಿಸುವ ಸೀಳಿನ ಹಿಂದೆ ಸಿಕ್ಕಿಕೊಂಡಿದ್ದ ಹಳದಿ ಕಾಗದವನ್ನು ಮೆಲ್ಲಗೆ ಬಿಡಿಸಿದ. ಕಾಗದ ಒಂದು ಮೂಲೆಯಲ್ಲಿ ಹರಿದು, ಬೆಳ್ಳಿಯ ಅಂಚು ಹೊರಗೆ ಬಂದಿತ್ತು.

"ಇದು ಸೋಕಿ ಶಾರ್ಟ್ ಆಗಿ ಸೆಟ್ಟು ಕೆಟ್ಟೋಗಿರೋದು ಮೇಡಂ" ಎಂದ, ದನಿ ತಗ್ಗಿಸಿ. "ಹರಕೇದು ಅಂತ ಕಾಣ್ತದೆ. ನಾನು ಮುಟ್ಟಬಾರ್ದಿತ್ತೋ ಏನೋ."

ಪದ್ಮಾವತಿ ಎರಡೂ ಕೈ ಒಡ್ಡಿದಳು.

ಅವ್ವನ ತವರಿನಲ್ಲಿ ಹರಕೆಯ ವಸ್ತುವನ್ನು ಬಾಗಿಲ ಪಕ್ಕದ ಗೋಡೆಗೂಡಿನಲ್ಲಿ ಇಡುತ್ತಿದ್ದರು. ಯಾವಾಗ ಹೊರಟರೂ ಅದು ಕಣ್ಣಿಗೆ ಬೀಳಬೇಕು, ಕೈಗೆ ಸಿಗಬೇಕು. ಈ ಬಾಡಿಗೆ ಮನೆಯ ಗೋಡೆಗಳಲ್ಲಿ ಗೂಡೆಲ್ಲಿ? ಕಾರು ಎಂದಾದರೂ ಆ ದಾರಿಗೆ ತಿರುಗೀತೆಂದು ಅವ್ವ ಕಾರಿನಲ್ಲಿಯೇ, ರೇಡಿಯೋದ ಆ ಸೀಳಿನಲ್ಲಿ, ಒಂದು ಗೂಡು ಕಂಡುಕೊಂಡಿದ್ದಳು. ಇಟ್ಟದ್ದನ್ನು ಅದು ನುಂಗಿತು. ರೇಡಿಯೋ ನಿಂತ ದಿನ ಪದ್ಮಾವತಿ, "ಏನೇನೋ ಒತ್ತಿ ಹಾಳು ಮಾಡಿದೆ" ಎಂದು ಬಯ್ದಿದ್ದಳು. ಅಂಜಿಯೋ ಏನೋ, ಕಣ್ಣು ಅದರೊಳಗಿದೆ ಎಂದು ಅವ್ವ ಹೇಳಿರಲಿಲ್ಲ. ಆಮೇಲೆ ಕಾರು ಹತ್ತಿದಾಗಲೆಲ್ಲ ಆ ಕೆಟ್ಟ ರೇಡಿಯೋವನ್ನು ಬೆರಳಿಂದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. "ಅದೇನು ದೇವರಾ?" ಎಂದು ಮಗಳು ನಕ್ಕದ್ದೂ ಉಂಟು.

ಅಷ್ಟರಲ್ಲಿ ಶಿವರಾಮು ಹೊಸ ಪರದೆ ಕೂರಿಸಿ ತಂತಿಗೆ ತಂತಿ ಬೆಸೆದಿದ್ದ. ಬೆಳಕು ಬಂತು. ಅವಳ ಫೋನನ್ನು ಅದಕ್ಕೆ ಜೋಡಿಸಿದ. ಹೆಸರುಗಳ ಪಟ್ಟಿ ಸಾಲಾಗಿ ಇಳಿಯಿತು.

"ಸೌಂಡ್ ನೋಡ್ಬುಡಾವ" ಎಂದು, ಓದದೆ, ಮೊದಲ ಹೆಸರನ್ನೇ ಮುಟ್ಟಿದ.

ಮೊದಲ ಹೆಸರು 'ಅವ್ವ'.

ನಾಲ್ಕೂ ಸ್ಪೀಕರಿನಿಂದ ಹೆಂಗಸೊಬ್ಬಳ ಸ್ಫುಟವಾದ ದನಿ ಬಂತು. ನೀವು ಕರೆ ಮಾಡಿದ ಸಂಖ್ಯೆ ಸ್ವಿಚ್ ಆಫ್ ಆಗಿದೆ, ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ.

"ಎಂಗದೆ ಮೇಡಂ?"

"ಚೆನ್ನಾಗಿ ಕೇಳಿಸ್ತು" ಎಂದಳು ಪದ್ಮಾವತಿ.

ಅವಳು ಮನೆಯ ಕಡೆ ತಿರುಗಲಿಲ್ಲ. ಅವ್ವನ ತವರೂರಿಗೆ ಹೋಗುವ ಬನ್ನೂರು ರಸ್ತೆ ಹಿಡಿದಳು. ಹೊಸ ಪರದೆ ಸ್ವಲ್ಪ ದೂರ ದಾರಿ ತೋರಿಸಿತು. ಕೆರೆ ಏರಿಯಿಂದಾಚೆಗೆ ಅದರ ನಕ್ಷೆಯಲ್ಲಿ ಬರೀ ಬಿಳಿ. ಅಲ್ಲಿಂದ ಮುಂದಕ್ಕೆ ಅವ್ವ ಹೇಳುತ್ತಿದ್ದ ಗುರುತುಗಳೇ: ಜೋಡಿ ಹುಣಸೆಮರ, ಒಡೆದ ತೂಬು, ಎಡಕ್ಕೆ. ಹಾಡು ಹಾಕಬಹುದಿತ್ತು. ಹಾಕಲಿಲ್ಲ. ಕಾಗದದ ಪೊಟ್ಟಣ ಪಕ್ಕದ ಸೀಟಿನ ಮೇಲಿತ್ತು. ತಿರುವು ಬಂದಾಗ ಜಾರದಂತೆ ಅವಳ ಎಡಗೈ ತಾನಾಗಿಯೇ ಅದರ ಮೇಲೆ ಹೋಗುತ್ತಿತ್ತು.

ಹಿರಿಯಮ್ಮನ ಗುಡಿಯಲ್ಲಿ ಭಕ್ತರು ಯಾರೂ ಇರಲಿಲ್ಲ. ಪೂಜಾರಿ ಸಣ್ಣಮಾದಯ್ಯ ಮೆಟ್ಟಿಲ ಮೇಲೆ ಕೂತು ಕಣಗಿಲೆ ಹೂ ಬಿಡಿಸುತ್ತಿದ್ದ. ಮುಖ ನೋಡಿ ಗುರುತು ಹಿಡಿದ.

"ಪುಟ್ಟಲಿಂಗಿ ಮಗಳಲ್ವೇನವ್ವ? ಅವಳೆಲ್ಲಿ, ಹರಕೆ ಐತೆ ಬತ್ತೀನಿ ಅಂದಿದ್ಲು."

ಪದ್ಮಾವತಿ ತಲೆ ತಗ್ಗಿಸಿದಳು. ಮುದುಕ ಹೂವನ್ನು ಬದಿಗಿಟ್ಟು ಎದ್ದ. ಒಳಗೆ ಹೋಗಿ ತಟ್ಟೆ ತಂದು ಅವಳ ಮುಂದೆ ಹಿಡಿದ. ಅವಳು ಕಾಗದ ಬಿಡಿಸಿ, ಬೆಳ್ಳಿ ಕಣ್ಣುಗಳನ್ನು ತನ್ನ ರೆಪ್ಪೆಗೆ ಒಂದು ಸಲ ಮುಟ್ಟಿಸಿಕೊಂಡು, ಸದ್ದಾಗದಂತೆ ತಟ್ಟೆಯಲ್ಲಿಟ್ಟಳು.